ಸೆಕೆಂಡ್ ಹ್ಯಾಂಡ್ ಕಾರಿನ ಚಕ್ರದಲ್ಲಿ ಶಬ್ದ: ಬೇರಿಂಗ್ ಬದಲಿಸುವ ಮುನ್ನ ಹೀಗೆ ಹುಡುಕಿ

ತುಮಕೂರಿನಲ್ಲಿ ಹಳೇ ಕಾರು ನೋಡಲು ಹೋದವರಿಗೆ ಮಾರುವವರು ಹೆಚ್ಚಾಗಿ ಬಿ.ಎಚ್. ರಸ್ತೆಯಲ್ಲೇ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಆ ಟ್ರಾಫಿಕ್ಕಿನಲ್ಲಿ ವೇಗ ಮೂವತ್ತು ದಾಟುವುದೇ ಕಷ್ಟ. ಎಂಜಿನ್ ನಯವಾಗಿದೆ, ಎಸಿ ತಣ್ಣಗಿದೆ, ಗೇರು ಸಲೀಸಾಗಿ ಬೀಳುತ್ತದೆ ಎಂದು ಖುಷಿಯಾಗಿ ದುಡ್ಡು ಕೊಟ್ಟು ಕಾರು ಮನೆಗೆ ತರುತ್ತೀರಿ. ಆಮೇಲೊಂದು ದಿನ ಕ್ಯಾತ್ಸಂದ್ರ ದಾಟಿ ಹೈವೇಯಲ್ಲಿ ಎಪ್ಪತ್ತಕ್ಕೆ ಏರಿಸಿದಾಗ ಕಾಲ ಕೆಳಗಿನಿಂದ ಗುಂಯ್ ಎನ್ನುವ ಶಬ್ದ ಶುರುವಾಗುತ್ತದೆ. ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ಉತ್ತರ ಬಂದಿರುತ್ತದೆ: “ವೀಲ್ ಬೇರಿಂಗ್ ಹೋಗಿದೆ ಸಾರ್.”

ವೀಲ್ ಬೇರಿಂಗ್ ಅಂದರೆ ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಕೂರಿಸಿರುವ, ಉಕ್ಕಿನ ಗುಂಡುಗಳಿರುವ ಬಳೆ. ಅದು ಹೋಗಿರಲೂಬಹುದು. ಆದರೆ ಗುಬ್ಬಿಯ ನನ್ನ ಪರಿಚಯದ ಮೇಷ್ಟ್ರೊಬ್ಬರು ಇದೇ ಮಾತು ನಂಬಿ ಮುಂದಿನ ಎರಡೂ ಬೇರಿಂಗ್ ಹಾಕಿಸಿದರು, ಶಬ್ದ ಹಾಗೇ ಉಳಿಯಿತು. “ಹಿಂದಿನವೂ ಹಾಕ್ಸಿಬಿಡಿ ಸಾರ್, ಒಂದೇ ಸಲ ಮುಗಿದೋಗ್ಲಿ” ಎಂದರಂತೆ ಗ್ಯಾರೇಜಿನವರು. ಕೊನೆಗೆ ಸಿಕ್ಕಿದ್ದು ಅಲೆಅಲೆಯಾಗಿ ಸವೆದ ಹಿಂದಿನ ಎಡ ಟೈರು, ಅದರ ಪಕ್ಕದಲ್ಲೇ ಎಣ್ಣೆ ಸೋರಿ ಒಣಗಿದ ಶಾಕ್ ಅಬ್ಸಾರ್ಬರ್. ಟೈರಿನ ಮೇಲೆ ಅಂಗೈ ಆಡಿಸಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕಷ್ಟಪಟ್ಟು ಕೂಡಿಟ್ಟ ದುಡ್ಡಿನಲ್ಲಿ ಹಳೇ ಕಾರು ಕೊಂಡವರು ಹೀಗೆ ಬೇಡದ ಪಾರ್ಟಿಗೆ ಮತ್ತೆ ದುಡ್ಡು ಸುರಿಯುವುದು ನನಗೆ ಸಂಕಟದ ವಿಷಯ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಚಕ್ರದ ಸುತ್ತಮುತ್ತ ಶಬ್ದ ಮಾಡಬಲ್ಲ ಸಾಮಾನು ಬಹಳ ಇವೆ: ಟೈರು, ಬೇರಿಂಗ್, ಬ್ರೇಕ್ ಪ್ಯಾಡ್, ಬ್ರೇಕ್ ಡಿಸ್ಕಿನ ಹಿಂದಿನ ತಗಡು, ಚಕ್ರಕ್ಕೆ ಎಂಜಿನ್ನಿನ ಬಲ ಒಯ್ಯುವ ಆಕ್ಸಲ್ಲಿನ ಜಾಯಿಂಟ್, ಸಸ್ಪೆನ್ಷನ್ನಿನ ಲಿಂಕ್ ರಾಡ್, ರಬ್ಬರ್ ಬುಷ್, ವೀಲ್ ಕ್ಯಾಪ್. ಬರೀ ಕಿವಿಗೆ ಕೇಳಿದ್ದನ್ನು ನಂಬಿ ಇವುಗಳಲ್ಲಿ ಒಂದನ್ನು ಆರಿಸುವುದು ಅನುಭವಸ್ಥರಿಗೂ ಕಷ್ಟ. ಕೇಳಬೇಕಾದ ಪ್ರಶ್ನೆ ಬೇರೆ: ಶಬ್ದ ಯಾವುದರ ಜೊತೆ ಬದಲಾಗುತ್ತದೆ? ವೇಗದ ಜೊತೆಯೇ, ಸ್ಟೇರಿಂಗ್ ತಿರುಗಿಸಿದಾಗಲೇ, ಬ್ರೇಕ್ ಒತ್ತಿದಾಗಲೇ, ರಸ್ತೆ ಬದಲಾದಾಗಲೇ, ಹಳ್ಳಕ್ಕೆ ಇಳಿದಾಗಲೇ? ಇದನ್ನು ಕ್ರಮವಾಗಿ ಪರೀಕ್ಷಿಸುತ್ತಾ ಹೋದರೆ ಅನುಮಾನದ ಪಟ್ಟಿ ಒಂದೆರಡು ಪಾರ್ಟಿಗೆ ಇಳಿಯುತ್ತದೆ.

ಓಡಿಸುವ ಮೊದಲು ನಟ್ಟು

ಯಾವ ಶಬ್ದವೇ ಇರಲಿ, ಮೊದಲ ಕೆಲಸ ವೀಲ್ ನಟ್ಟು ನೋಡುವುದು. ಹಳೇ ಕಾರನ್ನು ಮಾರಾಟಕ್ಕೆ ಇಡುವ ಮುನ್ನ ಟೈರು ಅದಲು ಬದಲು ಮಾಡಿರುತ್ತಾರೆ, ಅವಸರದಲ್ಲಿ ಒಂದೆರಡು ನಟ್ಟು ಪೂರ್ತಿ ಬಿಗಿಯಾಗದೆ ಉಳಿದಿರುತ್ತವೆ. ಸಡಿಲವಾದ ಚಕ್ರ ಮೊದಮೊದಲು ನಿಧಾನ ವೇಗದಲ್ಲಿ ಲೊಟಲೊಟ ಎನ್ನುತ್ತದೆ, ಆಮೇಲೆ ಸ್ಟೇರಿಂಗ್ ನಡುಗುತ್ತದೆ, ಕೊನೆಗೆ ಸ್ಟಡ್ (ನಟ್ಟು ಕೂರುವ ಬೋಲ್ಟು) ಮುರಿದು ಚಕ್ರವೇ ಕಳಚಿಕೊಳ್ಳುತ್ತದೆ. ಇಷ್ಟು ಅಪಾಯದ ತೊಂದರೆಗೆ ಬೇಕಾದ ಪರಿಹಾರ ಡಿಕ್ಕಿಯಲ್ಲಿರುವ ಒಂದು ವೀಲ್ ಸ್ಪ್ಯಾನರ್.

ನಾಲ್ಕೂ ಚಕ್ರದ ಪ್ರತಿ ನಟ್ಟನ್ನೂ ಮುಟ್ಟಿ ನೋಡಿ. ಬಿಗಿ ಮಾಡುವಾಗ ಪಕ್ಕಪಕ್ಕದ್ದನ್ನು ಹಿಡಿಯದೆ ಎದುರುಬದುರಿನದನ್ನು ಬಿಗಿ ಮಾಡುತ್ತಾ ಹೋಗಿ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ತುಳಿಯಬೇಡಿ. ಹೆಚ್ಚಿನ ಸಣ್ಣ ಕಾರುಗಳಿಗೆ ಬೇಕಾಗುವುದು ಸುಮಾರು 85ರಿಂದ 120 ನ್ಯೂಟನ್ ಮೀಟರ್ ಬಿಗಿ; ನಿಮ್ಮ ಕಾರಿನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಅದಕ್ಕಿಂತ ಹೆಚ್ಚು ತುಳಿದರೆ ಸ್ಟಡ್ ಎಳೆದು ದುರ್ಬಲವಾಗುತ್ತದೆ, ದಾರಿಯಲ್ಲಿ ಪಂಕ್ಚರ್ ಆದ ದಿನ ನಟ್ಟು ಬಿಚ್ಚುವುದಿಲ್ಲ. ನಟ್ಟಿನ ಸುತ್ತ ರಿಮ್ಮಿನ ಮೇಲೆ ಹೊಸದಾಗಿ ಉಜ್ಜಿದ ಹೊಳಪು ಅಥವಾ ತುಕ್ಕಿನ ಗೆರೆ ಹರಿದಿದ್ದರೆ ಆ ಚಕ್ರ ಸಡಿಲವಾಗಿ ಓಡಿದೆ ಎಂದು ಅರ್ಥ. ಅಂಥದ್ದರ ರಿಮ್ ತೂತುಗಳು ಅಗಲವಾಗಿವೆಯೇ, ಸ್ಟಡ್‌ಗಳು ನೆಟ್ಟಗಿವೆಯೇ ಎಂದು ಬಿಚ್ಚಿಯೇ ನೋಡಬೇಕು.

ಟೈರನ್ನು ಕೈಯಿಂದ ಓದಿ

ಕಾರನ್ನು ನೆರಳಿಗೆ ನಿಲ್ಲಿಸಿ, ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ. ಮುಂದಿನ ಟೈರಿನ ಒಳ ಅಂಚು ಕಾಣುವುದು ಆಗಲೇ. ಹೊರಗಿನಿಂದ ಚೆನ್ನಾಗಿ ಕಾಣುವ ಎಷ್ಟೋ ಟೈರುಗಳು ಒಳ ಅಂಚಿನಲ್ಲಿ ನೂಲು ಕಾಣುವಷ್ಟು ಸವೆದಿರುತ್ತವೆ. ಅದು ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದ, ಇಲ್ಲವೇ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬುಷ್ ಹೋದ ಲಕ್ಷಣ.

ಈಗ ಟೈರಿನ ಮೇಲ್ಮೈ ಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿ. ತಂತಿ ಹೊರಬಂದಿದ್ದರೆ ಕೈ ಕುಯ್ಯುತ್ತದೆ, ಮೊದಲು ಕಣ್ಣಲ್ಲಿ ನೋಡಿಕೊಳ್ಳಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಕೈಗೆ ತಡೆದರೆ ಆ ಟೈರು ಹೈವೇಯಲ್ಲಿ ಗುಂಯ್ ಎನ್ನುವುದು ಖಚಿತ. ಅಲ್ಲಲ್ಲಿ ತಗ್ಗು ದಿಬ್ಬ ಸಿಕ್ಕರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು ಅಥವಾ ಬಹಳ ದಿನದಿಂದ ಬ್ಯಾಲೆನ್ಸಿಂಗ್ ಮಾಡಿಸಿಲ್ಲ. ಈ ಎರಡೂ ಬಗೆಯ ಸವೆತದ ಶಬ್ದ ಕೆಟ್ಟ ಬೇರಿಂಗಿನ ಶಬ್ದವನ್ನೇ ಹೋಲುತ್ತದೆ. ಮೆಕ್ಯಾನಿಕ್ಕುಗಳು ಎಡವುವುದೂ ಹೆಚ್ಚಾಗಿ ಇಲ್ಲೇ.

ಟೈರಿನ ಪಕ್ಕದ ಗೋಡೆಯಲ್ಲಿ ಅಥವಾ ಮೇಲ್ಮೈಯಲ್ಲಿ ಉಬ್ಬು ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಒಳಗಿನ ಪದರ ಬಿಟ್ಟುಕೊಂಡಿರುತ್ತದೆ. ನಿಧಾನ ವೇಗದಲ್ಲಿ ದಪ್ ದಪ್ ಎಂದು ಬಡಿಯುವ ಆ ಟೈರು ವೇಗದಲ್ಲಿ ಸಿಡಿಯಬಹುದು, ಸ್ಟೆಪ್ನಿ ಹಾಕದೆ ಗಾಡಿ ಕದಲಿಸಬೇಡಿ. ಟೈರಿನ ವಯಸ್ಸನ್ನೂ ನೋಡಿ: ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ ಟೈರಿನ ರಬ್ಬರ್ ಗಟ್ಟಿಯಾಗಿ, ಸವೆಯದಿದ್ದರೂ ಶಬ್ದ ಮಾಡುತ್ತದೆ. ಟೈರಿನ ಮೇಲ್ಮೈಯಲ್ಲಿರುವ ಕಾಲುವೆಯಂಥ ಗುಂಡಿಯ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಶಬ್ದದ ಮಾತು ಬೇಡ, ಟೈರು ಬದಲಿಸಿ. ಗುಂಡಿಗಳ ನಡುವೆ ಅಡ್ಡಲಾಗಿರುವ ಸಣ್ಣ ದಿಂಡು ಮೇಲ್ಮೈಗೆ ಸಮನಾದರೆ ಅದೇ ಆ ಮಿತಿ.

ಟೈರಿನ ಗುಂಡಿಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲುಗಳನ್ನೆಲ್ಲ ಸ್ಕ್ರೂಡ್ರೈವರಿನಿಂದ ತೆಗೆದುಹಾಕಿ. ಕ್ರಷರ್ ಲಾರಿಗಳು ಓಡಾಡುವ ನಮ್ಮ ರಸ್ತೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಒಂದೇ ಒಂದು ಕಲ್ಲು ಟಿಕ್ ಟಿಕ್ ಎನ್ನುತ್ತಾ ಗ್ಯಾರೇಜಿನವರೆಗೂ ನಿಮ್ಮನ್ನು ಕರೆದೊಯ್ಯಬಲ್ಲದು. ಮೊಳೆ ಕಂಡರೆ ಮಾತ್ರ ಕೀಳಬೇಡಿ, ಪಂಕ್ಚರ್ ಅಂಗಡಿಯವರೆಗೆ ಹಾಗೇ ಹೋಗಿ. ರಿಮ್ಮಿನ ಒಳಮೈ ಕಡೆ ಒಣಗಿದ ಕೆಂಪು ಮಣ್ಣು ಕಟ್ಟಿದ್ದರೆ ಅದನ್ನೂ ಕೆರೆದು ತೊಳೆಯಿರಿ. ಆ ಮಣ್ಣಿನ ಭಾರವೊಂದೇ ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗಿಸಲು ಸಾಕು. ಎಲ್ಲ ಆದ ಮೇಲೆ ಟೈರು ತಣ್ಣಗಿರುವಾಗ ಗಾಳಿ ಸರಿ ಮಾಡಿ, ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವ ಅಂಕಿಗೆ. ಗಾಳಿ ಕಡಿಮೆಯಿರುವ ಟೈರು ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆಯನ್ನೂ ನಂಬಲಾಗದು.

ಸುಗ್ಗಿಯ ಕಾಲದ ಒಂದು ಮಾತು ಇಲ್ಲೇ ಹೇಳಬೇಕು. ಕೊರಟಗೆರೆ, ಮಧುಗಿರಿ, ಶಿರಾ ಕಡೆಯ ರಸ್ತೆಗಳಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹರಡಿದ್ದರ ಮೇಲೆ ಹೋಗಿದ್ದರೆ ಹುರುಳಿ ಬಳ್ಳಿ ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಂಡು ಸರಸರ, ಪಟಪಟ ಎನ್ನುತ್ತದೆ. ಇದು ಬರೀ ಶಬ್ದದ ತೊಂದರೆಯಲ್ಲ. ಬಿಸಿ ಸೈಲೆನ್ಸರ್‌ಗೆ ತಗುಲಿದ ಒಣ ಬಳ್ಳಿ ಹೊತ್ತಿಕೊಂಡು ಕಾರೇ ಸುಟ್ಟುಹೋದ ಘಟನೆಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಅಂಥ ರಸ್ತೆ ದಾಟಿದ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ.

ಓಡಿಸಿ ಕೇಳುವ ಕ್ರಮ

ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ಡ್ರೈವರ್ ಸೀಟಿನಲ್ಲಿ ಕೂತವರಿಗೆ ಎಲ್ಲ ಶಬ್ದವೂ ಬಲ ಮುಂದಿನ ಚಕ್ರದ್ದೇ ಅನ್ನಿಸುತ್ತದೆ, ಏಕೆಂದರೆ ಹತ್ತಿರವಿರುವುದು ಅದೊಂದೇ. ಕಾರಿನ ತಗಡು ಶಬ್ದವನ್ನು ಎಲ್ಲಿಂದೆಲ್ಲಿಗೋ ಹೊತ್ತೊಯ್ಯುತ್ತದೆ. ಜೊತೆಗಾರರು ಹಿಂದಿನ ಸೀಟಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೂತು ಕೇಳಲಿ. ಡಿಕ್ಕಿಯಲ್ಲಿರುವ ಜಾಕಿ, ನೀರಿನ ಕ್ಯಾನು, ದೇವರ ಬುಟ್ಟಿ ಎಲ್ಲ ತೆಗೆದಿಡಿ. ಸಡಿಲವಾದ ಜಾಕಿಯೇ ಎಷ್ಟೋ ಸಲ ಸಸ್ಪೆನ್ಷನ್ ಶಬ್ದವಾಗಿ ಕೇಳುತ್ತದೆ. ವೀಲ್ ಕ್ಯಾಪ್ ಪ್ಲಾಸ್ಟಿಕ್ಕಿನದಾದರೆ ನಾಲ್ಕನ್ನೂ ಕಿತ್ತು ಒಳಗಿಡಿ. ಟೇಪು, ಎಸಿ, ಫ್ಯಾನು ಬಂದ್.

ಮೊದಲು ನಿಧಾನಕ್ಕೆ, ಒಂದು ಉದ್ದ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಗ್ಲಾಸು ಇಳಿಸಿ, ಹತ್ತು-ಇಪ್ಪತ್ತರ ವೇಗದಲ್ಲಿ ಹೋಗಿ. ಗೋಡೆಗೆ ಬಡಿದು ವಾಪಸ್ ಬರುವ ಶಬ್ದ ತೆರೆದ ರಸ್ತೆಯಲ್ಲಿ ಕೇಳಿಸದ್ದನ್ನೂ ಕೇಳಿಸುತ್ತದೆ. ಬರುವಾಗ ಗೋಡೆ ಇನ್ನೊಂದು ಮಗ್ಗುಲಿಗೆ ಸಿಗುತ್ತದೆ; ಎಡ ಬಲ ಹೋಲಿಸಬಹುದು. ಟಿಕ್ ಟಿಕ್ ಅಥವಾ ಉಜ್ಜುವ ಸದ್ದು ಬಂದರೆ ಎಣಿಸಿ. ಸಣ್ಣ ಕಾರಿನ ಚಕ್ರದ ಸುತ್ತಳತೆ ಎರಡು ಮೀಟರಿಗೆ ತುಸು ಕಮ್ಮಿ. 165/80 ಆರ್14 ಟೈರಿಗೆ ಸುಮಾರು 1.95 ಮೀಟರ್. ಇಪ್ಪತ್ತರ ವೇಗದಲ್ಲಿ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ, ಅಂದರೆ ಚಕ್ರ ಸೆಕೆಂಡಿಗೆ ಹೆಚ್ಚುಕಮ್ಮಿ ಮೂರು ಸುತ್ತು. ಸದ್ದೂ ಸೆಕೆಂಡಿಗೆ ಮೂರು ಸಲ ಬಂದರೆ ಅದು ಚಕ್ರದ ಜೊತೆ ತಿರುಗುವ ಒಂದೇ ಜಾಗದ ಸದ್ದು: ಕಲ್ಲು, ಮೊಳೆ, ಟೈರಿನ ಉಬ್ಬು, ಸೊಟ್ಟಗಾದ ಡಿಸ್ಕು. ಎಣಿಸಲಾಗದಷ್ಟು ಒತ್ತೊತ್ತಾಗಿದ್ದರೆ ಬೇರೆ ಕಡೆ ಹುಡುಕಬೇಕು.

ಎರಡನೆಯದು ಖಾಲಿ ಮೈದಾನದಲ್ಲಿ. ಜಾತ್ರೆ ಬಯಲೋ ಶಾಲೆ ಮೈದಾನವೋ ಆದೀತು, ಮಕ್ಕಳು ಇಲ್ಲದ ಹೊತ್ತು ನೋಡಿಕೊಳ್ಳಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಮೊದಲ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಒಂದು ಸುತ್ತು, ಆಮೇಲೆ ಬಲಕ್ಕೆ ಒಂದು ಸುತ್ತು. ಕಟಕಟಕಟ ಎಂದು ಬಂದು, ನೆಟ್ಟಗೆ ಮಾಡಿದ ಕೂಡಲೇ ನಿಂತರೆ ಆಕ್ಸಲ್ಲಿನ ಹೊರ ಜಾಯಿಂಟ್ ಹೋಗಿದೆ. ಸಾಕ್ಷಿ ಬೇಕಾದರೆ ಮುಂದಿನ ಚಕ್ರದ ಹಿಂದೆ ಟಾರ್ಚು ಬಿಡಿ: ಸುರುಳಿ ಸುರುಳಿಯಾಗಿರುವ ರಬ್ಬರ್ ಬೂಟ್ ಹರಿದು, ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸ್ ಎರಚಿರುತ್ತದೆ. ಬೂಟ್ ಹರಿದಿದೆ, ಕಟಕಟ ಇನ್ನೂ ಶುರುವಾಗಿಲ್ಲ ಅನ್ನುವ ಹಂತದಲ್ಲಿ ಸಿಕ್ಕರೆ ನೀವು ಪುಣ್ಯವಂತರು. ಜಾಯಿಂಟ್ ತೊಳೆದು ಹೊಸ ಗ್ರೀಸ್ ತುಂಬಿ ಬೂಟ್ ಮಾತ್ರ ಬದಲಿಸಿದರೆ ಸಾಕಾಗಬಹುದು. ತಿಂಗಳುಗಟ್ಟಲೆ ಧೂಳು ತಿಂದ ಜಾಯಿಂಟಿಗೆ ಆ ಉಪಾಯ ನಡೆಯುವುದಿಲ್ಲ.

ಮೂರನೆಯದು ಹೈವೇ. ಬೆಳಗಿನ ಜಾವ ಲಾರಿಗಳು ಕಮ್ಮಿಯಿರುವಾಗ ಶಿರಾ ಕಡೆಗೆ ಹೊರಡಿ. ನಲವತ್ತು, ಅರವತ್ತು, ಎಂಬತ್ತು, ಹೀಗೆ ಹಂತ ಹಂತವಾಗಿ ಏರಿಸಿ ಪ್ರತಿ ವೇಗದಲ್ಲೂ ಒಂದಿಷ್ಟು ಹೊತ್ತು ಹಾಗೇ ಹೋಗಿ. ಗುಂಯ್ ಶಬ್ದ ವೇಗದ ಜೊತೆ ಏರುತ್ತಾ ಹೋದರೆ, ಅರವತ್ತರಲ್ಲಿದ್ದಾಗ ರಸ್ತೆ ನೆಟ್ಟಗೆ ಖಾಲಿಯಿರುವ ಕಡೆ ಕ್ಲಚ್ ಒತ್ತಿ ಎಂಜಿನ್ನನ್ನು ಐಡಲ್‌ಗೆ ಬಿಡಿ. ಶಬ್ದ ಹಾಗೇ ಉಳಿದರೆ ಹೆಚ್ಚಾಗಿ ಚಕ್ರದ ಕಡೆಯದು. ಕ್ಲಚ್ ಒತ್ತಿದ್ದೇ ಬದಲಾದರೆ ಎಂಜಿನ್, ಗೇರ್ ಬಾಕ್ಸ್ ಕಡೆ ನೋಡಬೇಕು. ಯಾವ ಕಾರಣಕ್ಕೂ ಓಡುವ ಕಾರಿನ ಕೀ ಆಫ್ ಮಾಡಬೇಡಿ: ಪವರ್ ಸ್ಟೇರಿಂಗ್ ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಲಾಕ್ ಕೂಡ ಬೀಳಬಹುದು. ಆಟೊಮ್ಯಾಟಿಕ್ ಗಾಡಿಯಲ್ಲಿ ನ್ಯೂಟ್ರಲ್‌ಗೆ ಹಾಕುವುದೂ ಬೇಡ, ಆಕ್ಸಿಲರೇಟರ್ ಬಿಟ್ಟು ಕೇಳಿದರೆ ಸಾಕು.

ಈಗ ಟೈರೋ ಬೇರಿಂಗೋ ಎಂಬ ದೊಡ್ಡ ಪ್ರಶ್ನೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋಗುವ ಜಾಗದಲ್ಲಿ ಕಿವಿಗೊಟ್ಟು ಕೇಳಿ. ಟೋಲ್ ಗೇಟಿನ ಆಸುಪಾಸಿನಲ್ಲಿ, ಊರೊಳಗಿನ ಸಿಮೆಂಟ್ ರಸ್ತೆಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ. ಒಂದೇ ವೇಗದಲ್ಲಿ ರಸ್ತೆ ಬದಲಾದ ತಕ್ಷಣ ಶಬ್ದದ ದನಿಯೂ ಬದಲಾದರೆ ಟೈರು. ಹೊಸ ಡಾಂಬರಿನ ಮೇಲೂ ಒರಟು ಕಾಂಕ್ರೀಟಿನ ಮೇಲೂ ಅದೇ ದನಿ, ಅದೇ ಗುನುಗು ಇದ್ದರೆ ಬೇರಿಂಗಿನ ಕಡೆ ಅನುಮಾನ ಹೆಚ್ಚುತ್ತದೆ.

ನಂತರ ತಿರುವು. ಕಾರು ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ, ಎಡಕ್ಕೆ ತಿರುಗಿದಾಗ ಬಲದವುಗಳ ಮೇಲೆ. ಕೆಟ್ಟ ಬೇರಿಂಗ್ ಸಾಮಾನ್ಯವಾಗಿ ಭಾರ ಬಿದ್ದಾಗ ಜೋರಾಗಿ ಕೂಗುತ್ತದೆ, ಭಾರ ಇಳಿದಾಗ ತಗ್ಗುತ್ತದೆ. ಕುಣಿಗಲ್ ರಸ್ತೆಯಲ್ಲೋ ಕೊರಟಗೆರೆ ರಸ್ತೆಯಲ್ಲೋ ಉದ್ದನೆಯ ತಿರುವು ಸಿಕ್ಕಾಗ ಐವತ್ತರ ಆಸುಪಾಸಿನಲ್ಲಿ ಗಮನಿಸಿ. ಬಲ ತಿರುವಿನಲ್ಲಿ ಏರಿ ಎಡ ತಿರುವಿನಲ್ಲಿ ಇಳಿದರೆ ಎಡಗಡೆಯದನ್ನು ಮೊದಲು ನೋಡಿ. ಕೆಲವರು ಹೈವೇಯಲ್ಲಿ ಹಾವಿನ ಹಾಗೆ ಗಾಡಿ ಓಲಾಡಿಸಿ ಪರೀಕ್ಷೆ ಮಾಡುತ್ತಾರೆ. ಹಿಂದೆ ಬಸ್ಸು ಲಾರಿ ಬರುವ ರಸ್ತೆಯಲ್ಲಿ ಅದು ಪ್ರಾಣಕ್ಕೆ ಕುತ್ತು. ದೇವರಾಯನದುರ್ಗದ ತಿರುವುಗಳೂ ಈ ಪರೀಕ್ಷೆಗೆ ಬೇಡ, ಅಲ್ಲಿ ಬೇಕಾದ ವೇಗಕ್ಕೆ ಹೋಗುವುದೇ ತಪ್ಪು. ಇನ್ನೊಂದು ಎಚ್ಚರಿಕೆ: ತಿರುವಿನ ಪರೀಕ್ಷೆ ಸುಳಿವು ಕೊಡುತ್ತದೆಯೇ ಹೊರತು ತೀರ್ಪನ್ನಲ್ಲ. ಈಗಿನ ಬೇರಿಂಗ್‌ಗಳಲ್ಲಿ ಗುಂಡುಗಳ ಎರಡು ಸಾಲು ಇರುತ್ತವೆ. ಯಾವ ಸಾಲು ಕೆಟ್ಟಿದೆ ಎಂಬುದರ ಮೇಲೆ ಫಲಿತಾಂಶ ತಿರುಗುಮುರುಗಾಗಬಹುದು. ಜಾಕಿ ಏರಿಸಿ ಖಾತ್ರಿ ಮಾಡಿಕೊಳ್ಳದೆ ಪಾರ್ಟು ತರಬೇಡಿ.

ಅನುಮಾನ ಬಗೆಹರಿಯದಿದ್ದರೆ ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ಅದೇ ರಸ್ತೆಯಲ್ಲಿ ಮತ್ತೆ ಹೋಗಿ. ಶಬ್ದ ಟೈರಿನ ಜೊತೆ ಜಾಗ ಬದಲಿಸಿದರೆ ಬೇರಿಂಗಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ನನ್ನ ಕೇಳಿದರೆ, ಇಡೀ ಕ್ರಮದಲ್ಲಿ ಅತ್ಯಂತ ನಂಬಿಕಸ್ಥ ಪರೀಕ್ಷೆ ಇದು, ಮತ್ತು ಜನ ಅತಿ ಕಡಿಮೆ ಮಾಡಿಸುವುದೂ ಇದನ್ನೇ.

ವಾಪಸ್ ಬಂದು ನಿಲ್ಲಿಸಿದ ಕೂಡಲೇ ನಾಲ್ಕೂ ರಿಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ, ಬ್ರೇಕಿನ ಹೆಚ್ಚಿನ ಕೆಲಸ ಮುಂದಿನವುಗಳದ್ದು. ಆದರೆ ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಬಿಸಿಯಾದ ಕಡೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಕೆಟ್ಟ ಸ್ಥಿತಿಯಲ್ಲಿದೆ.

ಜಾಕಿ ಏರಿಸಿ

ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಎತ್ತದ ಚಕ್ರಗಳ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ. ಜಾಕಿಯನ್ನು ಬಾಡಿಯ ಕೆಳಗಿನ ಗುರುತಿನ ಜಾಗಕ್ಕೇ ಕೂರಿಸಿ. ಕಾರನ್ನು ಎತ್ತಿದ ಮೇಲೆ ಸ್ಟೆಪ್ನಿಯನ್ನು ಬಾಡಿಯ ಅಡಿಗೆ ತೂರಿಸಿಡಿ, ಜಾಕಿ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ, ಕೈ ಯಾವುದನ್ನೂ ತೂರಿಸಬೇಡಿ. ಮುಂದಿನ ಚಕ್ರ ಎತ್ತುವಾಗ ಹ್ಯಾಂಡ್‌ಬ್ರೇಕ್ ಹಾಕಿ ಗೇರು ನ್ಯೂಟ್ರಲ್. ಮುಂದಿನ ಚಕ್ರಕ್ಕೆ ಪವರ್ ಹೋಗುವ ಕಾರಿನಲ್ಲಿ ಹಿಂದಿನದನ್ನು ಎತ್ತುವಾಗ ಹ್ಯಾಂಡ್‌ಬ್ರೇಕ್ ಬಿಟ್ಟು ಗೇರಿನಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಮರೆಯದೆ ಕೊಡಿ.

ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಾಡಿಸಿ. ಆಡಿದರೆ ಬೇರಿಂಗ್ ಅಥವಾ ಚಕ್ರವನ್ನು ಲೋಯರ್ ಆರ್ಮಿಗೆ ಸೇರಿಸುವ ಬಾಲ್ ಜಾಯಿಂಟ್ ಸವೆದಿದೆ. ಯಾವುದು ಅನ್ನಲು ಜೊತೆಗಾರರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ: ಆಟ ನಿಂತುಹೋದರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ. ಆಮೇಲೆ ಎಡ ಬಲ ಹಿಡಿದು ಅಲುಗಾಡಿಸಿ. ಮೇಲೆ ಕೆಳಗೆ ಆಡದೆ ಹೀಗೆ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗಿನ ಟೈ ರಾಡ್ ಎಂಡ್ ಸವೆದಿದೆ.

ಕೊನೆಗೆ ಒಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಸ್ಪ್ರಿಂಗಿಗೆ ಬೆರಳು ಮಾತ್ರ ತಾಗಲಿ, ಸುರುಳಿಗಳ ನಡುವೆ ಹೋಗಬಾರದು. ಒಳ್ಳೆಯ ಬೇರಿಂಗಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಟ್ಟದ್ದರಲ್ಲಿ ಸ್ಪ್ರಿಂಗಿನ ಮೂಲಕ ಗರಗರ ಎನ್ನುವ ನಡುಕ ಬೆರಳಿಗೆ ಸಿಗುತ್ತದೆ. ಆಟವೇ ಇಲ್ಲದ ಬೇರಿಂಗೂ ಹೀಗೆ ಗರಗರ ಎನ್ನಬಹುದು, ಆದ್ದರಿಂದ ಅಲುಗಾಡಿಸಿ ನೋಡಿ ಬಿಟ್ಟುಬಿಡಬೇಡಿ. ಬ್ರೇಕ್ ಪ್ಯಾಡ್ ಡಿಸ್ಕಿಗೆ ಸಣ್ಣಗೆ ಸವರುವ ಶ್ ಶ್ ಸದ್ದು ಎಲ್ಲ ಕಾರಿನಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಅನುಮಾನವಾದರೆ ಎದುರಿನ ಚಕ್ರವನ್ನೂ ಎತ್ತಿ ಹೋಲಿಸಿ. ಹೊಸ ಕೈಗಳಿಗೆ ವ್ಯತ್ಯಾಸ ತಿಳಿಯುವುದು ಹೋಲಿಕೆಯಿಂದಲೇ.

ಬೇರಿಂಗ್ ಯಾಕೆ ಕೆಡುತ್ತದೆ ಎಂದು ತಿಳಿದಿದ್ದರೆ ಕಾರಿನ ಹಿಂದಿನ ಕಥೆಯೂ ತಿಳಿಯುತ್ತದೆ. ಒಳಗಿನ ಗ್ರೀಸ್ ಕಾಯುವುದು ಒಂದು ತೆಳು ರಬ್ಬರ್ ಸೀಲ್. ನೀರು ನಿಂತ ಅಂಡರ್‌ಪಾಸಿನಲ್ಲಿ ಚಕ್ರ ಮುಳುಗಿದರೆ ಸೀಲಿನ ಮೂಲಕ ನೀರು ಒಳಗೆ ಇಳಿದು, ಗುಂಡುಗಳು ಓಡುವ ದಾರಿಯಲ್ಲಿ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಜೋರಾಗಿ ಹಳ್ಳಕ್ಕೆ ಬಿದ್ದರೂ ಅದೇ ದಾರಿಯಲ್ಲಿ ತಗ್ಗು ಬೀಳುತ್ತದೆ. ನಮ್ಮಲ್ಲಿಗೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಿಂದ ಹಳೇ ಕಾರುಗಳು ಬರುತ್ತವೆ. ಅಲ್ಲಿಂದ ಬಂದ ಕಾರಿನಲ್ಲಿ ಒಂದಕ್ಕಿಂತ ಹೆಚ್ಚು ಬೇರಿಂಗ್ ಒಟ್ಟಿಗೆ ಕೂಗುತ್ತಿದ್ದರೆ ಮಳೆನೀರಿನಲ್ಲಿ ನಿಂತ ಗಾಡಿಯೇ ಎಂದು ಕಾರ್ಪೆಟ್ ಎತ್ತಿ, ಸೀಟಿನ ಕಂಬಿಯ ತುಕ್ಕು ನೋಡಿ. ಇಲ್ಲಿನದೇ ಕಾರಾದರೆ ತೆಂಗಿನಕಾಯಿ ಮೂಟೆ ಹೊತ್ತಿದೆಯೇ ಕೇಳಿ. ಮಿತಿ ಮೀರಿದ ಭಾರ ಹಿಂದಿನ ಬೇರಿಂಗನ್ನು ಬೇಗ ತಿನ್ನುತ್ತದೆ.

ಬ್ರೇಕಿನ ಶಬ್ದಗಳು

ಮಳೆಯಲ್ಲಿ ನಿಂತ ಅಥವಾ ತೊಳೆದಿಟ್ಟ ಕಾರು ಬೆಳಿಗ್ಗೆ ಹೊರಡುವಾಗ ಗರ್ ಎಂದು, ನಾಲ್ಕು ಸಲ ಬ್ರೇಕ್ ಹಾಕಿದ ಮೇಲೆ ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು. ಏನೂ ಮಾಡಬೇಕಿಲ್ಲ.

ಓಡುವಾಗ ಕೀರಲು ದನಿಯಲ್ಲಿ ಕಿರ್ ಎಂದು, ಬ್ರೇಕ್ ಮುಟ್ಟಿದಾಗ ನಿಂತರೆ ಅಥವಾ ದನಿ ಬದಲಿಸಿದರೆ ಪ್ಯಾಡ್ ಮುಗಿಯುತ್ತಾ ಬಂದಿದೆ. ಹಲವು ಪ್ಯಾಡ್‌ಗಳಲ್ಲಿ ಹಾಗೆ ಕೂಗಲೆಂದೇ ಒಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಇಳಿದಿದ್ದರೆ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಿಸಿ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಶಬ್ದ ಬಂದರೆ ಕಾದು ನೋಡುವ ಹಂತ ಮುಗಿದಿದೆ. ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸಿ. ಇದಾವುದೂ ಅಲ್ಲದೆ ಇದ್ದಕ್ಕಿದ್ದಂತೆ ಜೋರಾಗಿ ಕಿರುಚಲು ಶುರುವಾದರೆ, ಅದೂ ಮಣ್ಣು ರಸ್ತೆಯಲ್ಲಿ ಹೋಗಿ ಬಂದ ಮೇಲೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುತ್ತದೆ. ಚಕ್ರ ಬಿಚ್ಚಿ ಕಲ್ಲು ತೆಗೆದು ತಗಡನ್ನು ತುಸು ಹಿಂದಕ್ಕೆ ಬಗ್ಗಿಸಿದರೆ ಮುಗಿಯಿತು. ಹಿಂದಿನ ಡ್ರಮ್ಮಿನಲ್ಲಿ ಉಜ್ಜುವ ಸದ್ದಿದ್ದರೆ ಒಳಗಿನ ಧೂಳು ತೆಗೆಸಿ, ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಬಿಡುತ್ತಿದೆಯೇ ನೋಡಿಸಿ.

ಹಳ್ಳಕ್ಕೆ ಇಳಿದಾಗ ಮಾತ್ರ ಬರುವುದು

ನೆಟ್ಟ ರಸ್ತೆಯಲ್ಲಿ ಸುಮ್ಮನಿದ್ದು ಹಂಪ್, ಹಳ್ಳ ಸಿಕ್ಕಾಗ ಕಡಕಡ, ದಡ್ ಎಂದರೆ ಚಕ್ರ ಬಿಟ್ಟು ಸಸ್ಪೆನ್ಷನ್ ನೋಡಬೇಕು. ಸಣ್ಣ ಉಬ್ಬುತಗ್ಗಿನಲ್ಲಿ ಕಡಕಡ ಎನ್ನುವುದು ಹೆಚ್ಚಾಗಿ ಲಿಂಕ್ ರಾಡ್. ಬ್ರೇಕ್ ಹಾಕಿದಾಗ, ರಿವರ್ಸ್ ಎತ್ತಿದಾಗ ಒಂದೇ ಸಲ ದಡ್ ಎಂದರೆ ಲೋಯರ್ ಆರ್ಮ್ ಬುಷ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಎಗರಿದಂತೆ ಟಂಗ್ ಎಂದರೆ ಶಾಕ್ ಅಬ್ಸಾರ್ಬರನ್ನು ಮೇಲ್ಗಡೆ ಬಾಡಿಗೆ ಸೇರಿಸುವ ಸ್ಟ್ರಟ್ ಮೌಂಟ್. ಓಮ್ನಿ, ಈಕೊ, ಬೊಲೆರೊ ಥರ ಹಿಂದಿನ ಚಕ್ರಕ್ಕೆ ಪವರ್ ಹೋಗುವ ಗಾಡಿಯಾದರೆ ಉದ್ದ ಶಾಫ್ಟಿನ ಕ್ರಾಸ್ ಜಾಯಿಂಟ್ ಮತ್ತು ಹಿಂದಿನ ಎರಡು ಚಕ್ರಗಳ ನಡುವಿನ ಗೇರು ಪೆಟ್ಟಿಗೆ ಡಿಫರೆನ್ಷಿಯಲ್ಲನ್ನೂ ಪಟ್ಟಿಗೆ ಸೇರಿಸಿ. ಆಕ್ಸಿಲರೇಟರ್ ಕೊಟ್ಟಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬರುವುದು ಡಿಫರೆನ್ಷಿಯಲ್ಲಿನ ಗುಣ.

ಗ್ಯಾರೇಜಿಗೆ ಹೋದಾಗ

“ಶಬ್ದ ಬರ್ತಿದೆ, ನೋಡಣ್ಣ” ಎಂದು ಕೀ ಕೊಟ್ಟು ಬರಬೇಡಿ. “ಅಣ್ಣ, ಐವತ್ತು ದಾಟಿದ ಮೇಲೆ ಗುಂಯ್ ಅನ್ನುತ್ತೆ, ಬಲ ತಿರುವಿನಲ್ಲಿ ಜಾಸ್ತಿ, ಕ್ಲಚ್ ಒತ್ತಿದ್ರೂ ಹೋಗಲ್ಲ, ಟೈರು ಹಿಂದೆ ಮುಂದೆ ಮಾಡಿಸಿ ನೋಡಿದೀನಿ” ಎಂದು ಹೇಳಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಇದರಿಂದ ಅರ್ಧ ಕೆಲಸ ಉಳಿಯುತ್ತದೆ, ಊಹೆಯ ಮೇಲೆ ಪಾರ್ಟು ಬದಲಿಸುವವರೂ ಒಮ್ಮೆ ಯೋಚಿಸುತ್ತಾರೆ. ನಿಮ್ಮ ಜೊತೆ ಒಂದು ಸುತ್ತು ಬರಲು ಕೇಳಿ. ಬರಲು ಒಪ್ಪದ ಕಡೆ ಬೇರಿಂಗ್ ಬಿಚ್ಚಿಸಬೇಡಿ ಎಂಬುದು ನನ್ನ ಸಲಹೆ.

ಬದಲಿಸುವುದೇ ಆದರೆ ಪ್ರೆಸ್ ಇದೆಯೇ ಕೇಳಿ. ಎಷ್ಟೋ ಕಾರುಗಳ ಮುಂದಿನ ಬೇರಿಂಗನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದ ಹೊಸ ಬೇರಿಂಗಿಗೆ ಮೊದಲ ದಿನವೇ ಗುಂಡಿನ ದಾರಿಯಲ್ಲಿ ಪೆಟ್ಟಾಗಿ, ಕೆಲವೇ ತಿಂಗಳಲ್ಲಿ ಮತ್ತೆ ಕೂಗುತ್ತದೆ. ಪ್ರೆಸ್ ಇಲ್ಲದ ಗ್ಯಾರೇಜಿನವರು ಬೇರಿಂಗ್ ಕೂರುವ ನಕಲ್ ಎಂಬ ಭಾಗವನ್ನು ಬಿಚ್ಚಿ ಲೇತ್ ಅಂಗಡಿಗೆ ಒಯ್ದು ಒತ್ತಿಸಿ ತರುತ್ತಾರೆ, ಅದೂ ಸರಿಯೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಇಂಥ ಅನೇಕ ಕಾರುಗಳಲ್ಲಿ ವೇಗ ಅಳೆಯುವ ಅಯಸ್ಕಾಂತದ ಪಟ್ಟಿ ಬೇರಿಂಗಿನ ಒಂದೇ ಮುಖದಲ್ಲಿರುತ್ತದೆ. ತಿರುಗುಮುರುಗಾಗಿ ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಆರುವುದೇ ಇಲ್ಲ. ಬೇರಿಂಗನ್ನು ಜೋಡಿಯಾಗಿ ಬದಲಿಸುವ ನಿಯಮವೇನೂ ಇಲ್ಲ, ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಹಳೆಯದನ್ನು ಕೇಳಿ ತೆಗೆದುಕೊಂಡು ಕೈಯಲ್ಲಿ ತಿರುಗಿಸಿ ನೋಡಿ. ಬಿಚ್ಚುವಾಗ ಏಟು ತಿಂದು ಒರಟಾಗಿರುವುದುಂಟು, ಆದರೂ ತುಕ್ಕು, ನೀರು ಸೇರಿ ಬಿಳಿಚಿಕೊಂಡ ಗ್ರೀಸ್, ಗುಳಿ ಬಿದ್ದ ಗುಂಡು ಕಂಡರೆ ರೋಗ ಅದೇ ಆಗಿತ್ತು ಎಂದು ಖಾತ್ರಿ.

ಟೈ ರಾಡ್, ಲೋಯರ್ ಆರ್ಮ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಮಾಡಿಸದೆ ಬಿಡಬೇಡಿ, ಇಲ್ಲದಿದ್ದರೆ ಟೈರು ಓರೆ ಸವೆದು ಅದೇ ಗುಂಯ್ ಮತ್ತೆ ಬರುತ್ತದೆ. ಚಕ್ರ ಬಿಚ್ಚಿ ಹಾಕಿದ ಯಾವ ಕೆಲಸವಾದರೂ 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಿ.

ಕಾರು ಇನ್ನೂ ಕೊಂಡಿಲ್ಲವಾದರೆ ಇದೇ ಕ್ರಮವನ್ನು ಟೆಸ್ಟ್ ಡ್ರೈವ್‌ನಲ್ಲೇ ಮಾಡಿ. ಗೋಡೆ, ಮೈದಾನ, ಹೈವೇ ಎಲ್ಲ ಸೇರಿ ಒಂದು ಗಂಟೆಯ ಕೆಲಸ. “ಹೈವೇಗೆಲ್ಲ ಬೇಡ ಸಾರ್, ಇಲ್ಲೇ ನೋಡಿ” ಎಂದು ಮಾರುವವರು ತಡೆದರೆ ಇನ್ನೊಂದು ಕಾರು ನೋಡಿ. ಟೈರು, ಪ್ಯಾಡ್, ಒಂದು ಬೇರಿಂಗ್ ಇಂಥವು ರೇಟಿನಲ್ಲಿ ಇಳಿಸಿಕೊಂಡು ಕೊಳ್ಳಬಹುದಾದ ತೊಂದರೆಗಳು. ನೀರು ನುಗ್ಗಿದ ಲಕ್ಷಣ, ಅಲೈನ್‌ಮೆಂಟ್ ಮಾಡಿಸಿದರೂ ಒಂದೇ ಕಡೆ ಸವೆಯುವ ಟೈರು, ಎಡಕ್ಕೂ ಬಲಕ್ಕೂ ಸಮವಾಗಿ ಕೂರದ ಚಕ್ರ ಕಂಡರೆ ಎಷ್ಟು ಇಳಿಸಿದರೂ ಆ ಕಾರು ಬೇಡ. ಅಪಘಾತವಾಗಿ ಚಾಸಿ ಸೊಟ್ಟಗಾದ ಗಾಡಿಗೆ ಯಾವ ಬೇರಿಂಗ್ ಹಾಕಿದರೂ ಸರಿಹೋಗುವುದಿಲ್ಲ.